ಡ್ರೈವರ್ ಕೋಡ್‌ನಲ್ಲಿ ಮೆಮೊರಿ ಅಲೈನ್‌ಮೆಂಟ್ ದೋಷ: ಪತ್ತೆ ಮಾಡುವ ಬಗೆ, ಸರಿಪಡಿಸುವ ಬಗೆ

ಒಂದು ಬೋರ್ಡ್‌ನಲ್ಲಿ ತಿಂಗಳುಗಟ್ಟಲೆ ನೆಟ್ಟಗೆ ಓಡುತ್ತಿದ್ದ ಡ್ರೈವರ್, ಹೊಸ ಬೋರ್ಡ್‌ಗೆ ಹಾಕಿದ ಕೂಡಲೇ ಮೊದಲ ಪ್ಯಾಕೆಟ್‌ಗೇ ಬಿದ್ದುಹೋಗುತ್ತದೆ. ಕೋಡ್ ಒಂದಕ್ಷರ ಬದಲಾಗಿಲ್ಲ. ಅಥವಾ ಬೋರ್ಡ್ ಅದೇ ಇದೆ, ಕಂಪೈಲರ್‌ನ ಆಪ್ಟಿಮೈಸೇಶನ್ ಮಾತ್ರ ಓ0ದಿಂದ ಓ2ಕ್ಕೆ ಏರಿದೆ. ಅಥವಾ ಪ್ಯಾಕೆಟ್‌ಗೆ ಒಂದು ಬೈಟ್‌ನ ಹೊಸ ಫೀಲ್ಡ್ ಸೇರಿದೆ, ಅಷ್ಟೆ. ಈ ಮೂರರಲ್ಲಿ ಯಾವುದಾದರೂ ನಿಮ್ಮ ಕಥೆಯಾಗಿದ್ದರೆ, ರೇಸ್ ಕಂಡಿಷನ್, ಕೆಟ್ಟ ಹಾರ್ಡ್‌ವೇರ್ ಎಂದು ಅಲೆಯುವ ಮುಂಚೆ ಅಲೈನ್‌ಮೆಂಟ್ ನೋಡಿ.

ನಿಯಮ ದೊಡ್ಡದೇನಲ್ಲ. 2 ಬೈಟ್‌ನ ಸಂಖ್ಯೆ 2ರಿಂದ ಭಾಗವಾಗುವ ಅಡ್ರೆಸ್‌ನಲ್ಲಿ ಇರಬೇಕು, 4 ಬೈಟ್‌ನದು 4ರಿಂದ, 8 ಬೈಟ್‌ನದು ಸಾಮಾನ್ಯವಾಗಿ 8ರಿಂದ. ನೀವು ಸುಮ್ನೆ ವೇರಿಯಬಲ್ ಘೋಷಿಸಿದರೆ ಕಂಪೈಲರ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ತೊಂದರೆ ಶುರುವಾಗುವುದು ಹೊರಗಿನಿಂದ ಬಂದ ಬೈಟ್‌ಗಳನ್ನು ನಾವು ಸಂಖ್ಯೆ ಎಂದು ಓದಲು ಹೊರಟಾಗ. ಡ್ರೈವರ್ ಬರೆಯುವವರ ಕೆಲಸವೇ ಅದು, ಅಲ್ವಾ?

ಒಂದು ಉದಾಹರಣೆ ಇಟ್ಟುಕೊಂಡು ಹೋಗೋಣ. (ಕೋಡ್‌ನ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ, ಹೆಕ್ಸ್ ಸಂಖ್ಯೆಗಳ ಅಕ್ಷರಗಳನ್ನೂ.) ಯುಆರ್ಟ್ (ಒಂದೊಂದೇ ಬಿಟ್ ಕಳಿಸುವ ಸೀರಿಯಲ್ ಲೈನ್) ಮೂಲಕ ಒಂದು ಸೆನ್ಸರ್ 7 ಬೈಟ್ ಕಳಿಸುತ್ತದೆ: ಮೊದಲ ಬೈಟ್ ವಿಧ, ಮುಂದಿನ 4 ಬೈಟ್ ಸಮಯ, ಕೊನೆಯ 2 ಬೈಟ್ ಅಳತೆ. ಎಲ್ಲವೂ ಲಿಟಲ್ ಎಂಡಿಯನ್, ಅಂದರೆ ಚಿಕ್ಕ ಬೆಲೆಯ ಬೈಟ್ ಮೊದಲು. ಡ್ರೈವರ್‌ನಲ್ಲಿ ಇರುವ ಸಾಲು ಇದು (ಯು8 ಎಂದರೆ 1 ಬೈಟ್‌ನ ಸಂಖ್ಯೆ, ಯು32 ಎಂದರೆ 4 ಬೈಟ್‌ನದು):

ಯು8 ಬಫ್[64];
ಯು32 ಸಮಯ = *(ಯು32 *)(ಬಫ್ + 1);

ಈ ಕಾಸ್ಟ್ ನೋಡಲು ಬರೀ ಟೈಪ್ ಬದಲಾವಣೆ. ನಿಜಕ್ಕೂ ಅದು ಕಂಪೈಲರ್‌ಗೆ ಕೊಡುವ ಮಾತು: "ಈ ಅಡ್ರೆಸ್ 4ರಿಂದ ಭಾಗವಾಗುತ್ತದೆ, ನಂಬು." ಕಂಪೈಲರ್ ನಂಬುತ್ತದೆ. ಆ ಮಾತು ಸುಳ್ಳಾದರೆ ಮುಂದೆ ಏನಾಗುತ್ತದೆ ಎಂಬುದಕ್ಕೆ ಸಿ ಭಾಷೆಯ ನಿಯಮಗಳಲ್ಲಿ ಯಾವ ಗ್ಯಾರಂಟಿಯೂ ಇಲ್ಲ. ಹಾಗಾಗಿ ಈ ದೋಷ ಹುಡುಕುವಾಗ ನನ್ನ ಪಟ್ಟು ಒಂದೇ: ಕ್ರ್ಯಾಶ್ ಆದ ಸಾಲಿನಲ್ಲಿ ತೇಪೆ ಹಚ್ಚಬೇಡಿ. ಸುಳ್ಳು ಮಾತು ಕೊಟ್ಟ ಸಾಲನ್ನು ಹುಡುಕಿ. ಎರಡೂ ಒಂದೇ ಸಾಲಾಗಿರುವುದು ಅಪರೂಪ.

ಪ್ರೊಸೆಸರ್‌ಗೊಂದು ನಡವಳಿಕೆ

ಮೊದಲು ನಿಮ್ಮ ಚಿಪ್ ಯಾವುದು ಎಂದು ನೋಡಿ. ಅದೇ ತಪ್ಪು ಒಂದೊಂದು ಕಡೆ ಒಂದೊಂದು ಮುಖ ತೋರಿಸುತ್ತದೆ.

ಎಕ್ಸ್86 ಲ್ಯಾಪ್‌ಟಾಪ್ ಬಹಳ ಸಹಿಸಿಕೊಳ್ಳುತ್ತದೆ. ಮೇಲಿನ ಸಾಲು ಅಲ್ಲಿ ಸದ್ದಿಲ್ಲದೆ ಸರಿಯಾದ ಉತ್ತರ ಕೊಡುತ್ತದೆ. 16 ಬೈಟ್ ಅಲೈನ್‌ಮೆಂಟ್ ಕೇಳುವ ಕೆಲವು ಎಸ್‌ಎಸ್‌ಇ ಇನ್‌ಸ್ಟ್ರಕ್ಷನ್‌ಗಳು ಮಾತ್ರ ಒಪ್ಪುವುದಿಲ್ಲ. ಅದಕ್ಕೇ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆ ಪಾಸಾದ ಕೋಡ್ ಬೋರ್ಡ್‌ನಲ್ಲಿ ಬೀಳುತ್ತದೆ.

ಆರ್ಮ್‌ನ ಚಿಕ್ಕ ಪ್ರೊಸೆಸರ್‌ಗಳಾದ ಕಾರ್ಟೆಕ್ಸ್-ಎಂ0 ಮತ್ತು ಎಂ0+ ಇದಕ್ಕೆ ತದ್ವಿರುದ್ಧ. ಅಲೈನ್ ಆಗದ ಯಾವ ಓದೂ, ಯಾವ ಬರಹವೂ ಅಲ್ಲಿ ನಡೆಯುವುದಿಲ್ಲ. ನೇರ ಹಾರ್ಡ್‌ಫಾಲ್ಟ್: ಪ್ರೊಸೆಸರ್ ಕೆಲಸ ಬಿಟ್ಟು ದೋಷದ ಹ್ಯಾಂಡ್ಲರ್‌ಗೆ ಹಾರುತ್ತದೆ. ಒಂದು ರೀತಿಯಲ್ಲಿ ಇದು ಒಳ್ಳೆಯದು, ತಪ್ಪು ಮೊದಲ ದಿನವೇ ಗೊತ್ತಾಗುತ್ತದೆ.

ಜಾಸ್ತಿ ಮೋಸ ಹೋಗುವುದು ನಡುವಿನ ಗುಂಪಿನಲ್ಲಿ: ಕಾರ್ಟೆಕ್ಸ್-ಎಂ3, ಎಂ4, ಎಂ7, ಮತ್ತು ಲಿನಕ್ಸ್ ಓಡಿಸುವ 32 ಬಿಟ್ ಆರ್ಮ್‌ವಿ7 ಚಿಪ್‌ಗಳು. ಇಲ್ಲಿ ಒಂಟಿ ಎಲ್‌ಡಿಆರ್ (ಓದುವ ಇನ್‌ಸ್ಟ್ರಕ್ಷನ್), ಎಸ್‌ಟಿಆರ್ (ಬರೆಯುವುದು) ಅಲೈನ್ ಇಲ್ಲದಿದ್ದರೂ ಕೆಲಸ ಮಾಡುತ್ತವೆ. ಆದರೆ ಹಲವು ಸಂಖ್ಯೆಗಳನ್ನು ಒಟ್ಟಿಗೆ ಓದುವ-ಬರೆಯುವ ಎಲ್‌ಡಿಎಂ, ಎಸ್‌ಟಿಎಂ, ಎಲ್‌ಡಿಆರ್‌ಡಿ, ಎಸ್‌ಟಿಆರ್‌ಡಿ ಮತ್ತು ಫ್ಲೋಟ್ ಓದುವ ವಿಎಲ್‌ಡಿಆರ್ ಮಾಡುವುದಿಲ್ಲ. ಅವಕ್ಕೆ 4ರ ಅಲೈನ್‌ಮೆಂಟ್ ಬೇಕೇ ಬೇಕು. ಈಗ ಓ0ದಲ್ಲಿ ಓಡಿದ್ದು ಓ2ದಲ್ಲಿ ಯಾಕೆ ಬೀಳುತ್ತದೆ ಎಂಬುದು ತಿಳಿಯುತ್ತದೆ. ಪಕ್ಕಪಕ್ಕದ ಎರಡು ಯು32 ಫೀಲ್ಡ್‌ಗಳನ್ನು ನೀವು ಓದುತ್ತಿದ್ದರೆ, ಓ0ದಲ್ಲಿ ಕಂಪೈಲರ್ ಎರಡು ಎಲ್‌ಡಿಆರ್ ಹಾಕುತ್ತದೆ. ಎರಡೂ ನಡೆಯುತ್ತವೆ. ಓ2ದಲ್ಲಿ ಅದು ಎರಡನ್ನೂ ಸೇರಿಸಿ ಒಂದು ಎಲ್‌ಡಿಆರ್‌ಡಿ ಮಾಡಬಹುದು. ನೀವು ಕೊಟ್ಟ ಮಾತು ನಂಬಿದ್ದರಿಂದಲೇ ಹಾಗೆ ಮಾಡಿತು. ಫಾಲ್ಟ್! "ಕಂಪೈಲರ್ ಬಗ್" ಎಂದು ಬರುವ ಎಷ್ಟೋ ದೂರುಗಳ ಮೂಲ ಇಷ್ಟೇ. ಬಫರ್‌ನಿಂದ ನೇರ ಫ್ಲೋಟ್ ಓದಿದಾಗ ಬೀಳುವುದಕ್ಕೂ ಇದೇ ಕಾರಣ: ಅದೇ ಅಡ್ರೆಸ್‌ನಿಂದ ಯು32 ಓದಬಹುದು, ಫ್ಲೋಟ್ ಓದಲು ಆಗುವುದಿಲ್ಲ.

64 ಬಿಟ್ ಆರ್ಮ್‌ನಲ್ಲಿ ಸಾಮಾನ್ಯ ರ‍್ಯಾಮ್‌ನ ಮೇಲೆ ಮಾಮೂಲಿ ಓದು-ಬರಹ ಹೇಗಿದ್ದರೂ ನಡೆಯುತ್ತದೆ. ಡಿವೈಸ್ ಮೆಮೊರಿಯ (ಹಾರ್ಡ್‌ವೇರ್‌ನ ಜಾಗ ಎಂದು ಗುರುತಾದ ಅಡ್ರೆಸ್‌ಗಳು) ಮೇಲೆ ಖಂಡಿತ ಇಲ್ಲ. ಅದಕ್ಕೆ ಮುಂದೆ ಬೇರೆಯೇ ಭಾಗವಿದೆ.

ಹಳೆಯ ಆರ್ಮ್9 ಇನ್ನೂ ಬೋರ್ಡ್‌ಗಳಲ್ಲಿ ಸಿಗುತ್ತದೆ. ಅದರ ಮೇಲೆ ಅಲೈನ್‌ಮೆಂಟ್ ಚೆಕ್ ಆಫ್ ಮಾಡಿ ಬೇರ್ ಮೆಟಲ್ (ಆಪರೇಟಿಂಗ್ ಸಿಸ್ಟಮ್ ಇಲ್ಲದ) ಕೋಡ್ ಓಡಿಸಿದರೆ ಫಾಲ್ಟ್ ಬರುವುದಿಲ್ಲ, ತಪ್ಪು ಸಂಖ್ಯೆ ಬರುತ್ತದೆ. ಅಲೈನ್ ಆದ ಅಡ್ರೆಸ್‌ನಿಂದ ಶುರುವಾಗಿ ಬೈಟ್‌ಗಳು ಹೆಕ್ಸ್ 11, 22, 33, 44, 55 ಎಂದಿರಲಿ. ಎರಡನೇ ಬೈಟ್‌ನಿಂದ 4 ಬೈಟ್ ಓದಿದರೆ ನಮಗೆ ಬೇಕಾದದ್ದು 55443322. ಆ ಚಿಪ್ ಕೊಡುವುದು 11443322. ಅಲೈನ್ ಆದ ವರ್ಡ್ ಓದಿ, 8 ಬಿಟ್ ತಿರುಗಿಸಿ ಕೊಟ್ಟಿರುತ್ತದೆ. ಮೂರು ಬೈಟ್ ಸರಿ, ಮೇಲಿನ ಒಂದು ಬೈಟ್ ತಪ್ಪು. ಈ ನಮೂನೆ ಕಂಡರೆ ಬೇರೆ ಎಲ್ಲೂ ಹುಡುಕಬೇಡಿ.

ರಿಸ್ಕ್-ವಿಯಲ್ಲಿ ಕೆಲವು ಚಿಪ್‌ಗಳು ಹಾರ್ಡ್‌ವೇರ್‌ನಲ್ಲೇ ನಿಭಾಯಿಸುತ್ತವೆ. ಕೆಲವು ಟ್ರ್ಯಾಪ್ ಆಗಿ, ಕೆಳಗಿನ ಫರ್ಮ್‌ವೇರ್ ಬೈಟ್ ಬೈಟ್ ಓದಿ ಉತ್ತರ ತುಂಬಿಕೊಡುತ್ತದೆ. ಆಗ ಲಾಗ್‌ನಲ್ಲಿ ಏನೂ ಕಾಣುವುದಿಲ್ಲ. ಡ್ರೈವರ್ ನಿಧಾನ ಆಗಿರುತ್ತದೆ, ಅಷ್ಟೆ.

ಕಾರ್ಟೆಕ್ಸ್-ಎಂನಲ್ಲಿ ಫಾಲ್ಟ್ ಹಿಡಿಯುವುದು

ಹಾರ್ಡ್‌ಫಾಲ್ಟ್ ಹ್ಯಾಂಡ್ಲರ್ ಎಂದರೆ ಬರೀ ಖಾಲಿ ಲೂಪ್ ಆಗಿರುವ ಪ್ರಾಜೆಕ್ಟ್‌ಗಳು ಬಹಳ. ಮೊದಲು ಅದನ್ನು ಬದಲಿಸಿ. ಫಾಲ್ಟ್ ಆದಾಗ ಪ್ರೊಸೆಸರ್ 8 ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ಗೆ ತಳ್ಳುತ್ತದೆ: ಆರ್0, ಆರ್1, ಆರ್2, ಆರ್3, ಆರ್12, ಎಲ್‌ಆರ್, ಪಿಸಿ, ಎಕ್ಸ್‌ಪಿಎಸ್‌ಆರ್. ಇದೇ ಕ್ರಮದಲ್ಲಿ. ಹ್ಯಾಂಡ್ಲರ್ ಒಳಗೆ ಬಂದಾಗ ಎಲ್‌ಆರ್‌ನ 2ನೇ ಬಿಟ್ (ಬಿಟ್‌ಗಳ ಎಣಿಕೆ 0ಯಿಂದ) 0 ಇದ್ದರೆ ಎಂಎಸ್‌ಪಿ ಎಂಬ ಸ್ಟ್ಯಾಕ್ ಪಾಯಿಂಟರ್ ನೋಡಿ, 1 ಇದ್ದರೆ ಪಿಎಸ್‌ಪಿ. ಆ ಸ್ಟ್ಯಾಕ್ ಪಾಯಿಂಟರ್‌ನಿಂದ 24 ಬೈಟ್ ಮುಂದೆ ಪಿಸಿ, ಅಂದರೆ ಫಾಲ್ಟ್ ಆದ ಇನ್‌ಸ್ಟ್ರಕ್ಷನ್‌ನ ಅಡ್ರೆಸ್, ಇರುತ್ತದೆ. ಆರ್4ರಿಂದ ಆರ್11ರವರೆಗಿನವು ಸ್ಟ್ಯಾಕ್‌ನಲ್ಲಿ ಇರುವುದಿಲ್ಲ. ಹಾಗಾಗಿ ಹ್ಯಾಂಡ್ಲರ್‌ನ ಮೊದಲ ಇನ್‌ಸ್ಟ್ರಕ್ಷನ್‌ಗಳಲ್ಲೇ ಅಸೆಂಬ್ಲಿಯಲ್ಲಿ ಅವನ್ನು ಎತ್ತಿಟ್ಟುಕೊಳ್ಳಿ. ಸಿ ಕೋಡ್‌ಗೆ ಹೋದ ಮೇಲೆ ಅವು ಹಾಳಾಗಿರುತ್ತವೆ.

ಎಂ3, ಎಂ4, ಎಂ7ನಲ್ಲಿ ಇನ್ನೂ ಒಂದು ಅನುಕೂಲ ಇದೆ. ಸಿಎಫ್‌ಎಸ್‌ಆರ್ ಎಂಬ ರಿಜಿಸ್ಟರ್, ಅಡ್ರೆಸ್ ಹೆಕ್ಸ್ ಇ000ಇಡಿ28. ಅದರಲ್ಲಿ 24ನೇ ಬಿಟ್ 1 ಆಗಿದ್ದರೆ, ಅಂದರೆ ಬೆಲೆ ಹೆಕ್ಸ್ 01000000 ಇದ್ದರೆ, ಅದು ಅಲೈನ್‌ಮೆಂಟ್ ಫಾಲ್ಟೇ. ಅನುಮಾನವೇ ಬೇಡ. ಯೂಸೇಜ್ ಫಾಲ್ಟ್ ಅನ್ನು ನೀವು ಆನ್ ಮಾಡಿರದಿದ್ದರೆ ಅದು ಹಾರ್ಡ್‌ಫಾಲ್ಟ್ ವೇಷದಲ್ಲಿ ಬರುತ್ತದೆ. ಆದರೂ ಈ ಬಿಟ್ ಉಳಿದಿರುತ್ತದೆ.

ಎಂ0 ಮತ್ತು ಎಂ0+ನಲ್ಲಿ ಈ ರಿಜಿಸ್ಟರ್ ಇಲ್ಲ. ಅಲ್ಲಿ ನಾವೇ ಲೆಕ್ಕ ಹಾಕಬೇಕು. ಸ್ಟ್ಯಾಕ್‌ನಿಂದ ತೆಗೆದ ಪಿಸಿ ಹೆಕ್ಸ್ 080012ಸಿ4 ಎಂದಿರಲಿ. ಇಎಲ್ಎಫ್ ಫೈಲನ್ನು (ಕಂಪೈಲ್ ಆಗಿ ಬಂದ ಪ್ರೋಗ್ರಾಂ) ಆಬ್ಜ್‌ಡಂಪ್ ಟೂಲ್‌ನಿಂದ ಅಸೆಂಬ್ಲಿಗೆ ಬಿಚ್ಚಿ ಆ ಸಾಲಿಗೆ ಹೋಗಿ. ಅಲ್ಲಿ ಇರುವುದು:

ಎಲ್‌ಡಿಆರ್ ಆರ್3, [ಆರ್2, #0]

ಸ್ಟ್ಯಾಕ್‌ನಲ್ಲಿ ಆರ್2 ಎಷ್ಟಿದೆ ನೋಡಿ. ಹೆಕ್ಸ್ 20000105. ಇಲ್ಲಿಗೆ ಮುಗಿಯಿತು. ಹೆಕ್ಸ್ ಅಡ್ರೆಸ್‌ನ ಕೊನೆಯ ಅಂಕಿ 0, 4, 8, ಸಿ ಇದ್ದರೆ ಮಾತ್ರ ಅದು 4ಕ್ಕೆ ಅಲೈನ್ ಆಗಿದೆ. 0 ಅಥವಾ 8 ಇದ್ದರೆ 8ಕ್ಕೆ. 5 ಎಂದರೆ ಯಾವುದಕ್ಕೂ ಅಲ್ಲ. ಇನ್‌ಸ್ಟ್ರಕ್ಷನ್‌ನಲ್ಲಿ ಆಫ್‌ಸೆಟ್ ಇದ್ದರೆ ಅದನ್ನು ಕೂಡಿಸಿ ನೋಡುವುದು ಮರೆಯಬೇಡಿ. ಅಡ್ರೆಸ್ ಚೆನ್ನಾಗಿ ಅಲೈನ್ ಆಗಿದ್ದರೆ ಕಾರಣ ಬೇರೆ: ಇಲ್ಲದ ಮೆಮೊರಿಗೆ ಕೈ ಹಾಕಿರಬಹುದು, ಸ್ಟ್ಯಾಕ್ ತುಂಬಿ ಹರಿದಿರಬಹುದು. ಆಗ ಈ ದಾರಿ ಬಿಟ್ಟು ಬೇರೆ ಹಿಡಿಯಿರಿ.

ಈಗ ಪಿಸಿಯಿಂದ ಹಿಂದಕ್ಕೆ ನಡೆಯಿರಿ. ಆರ್2ಗೆ ಆ ಬೆಲೆ ಎಲ್ಲಿಂದ ಬಂತು? ಕ್ರ್ಯಾಶ್ ಆದದ್ದು ಚೆಕ್‌ಸಮ್ ಫಂಕ್ಷನ್‌ನಲ್ಲಿ ಇರಬಹುದು. ಆ ಫಂಕ್ಷನ್ ಯು32 ಪಾಯಿಂಟರ್ ಕೇಳುತ್ತದೆ, ಅದರ ತಪ್ಪೇನೂ ಇಲ್ಲ. ಅದನ್ನು ಕರೆದವನು ವಾಯ್ಡ್ ಪಾಯಿಂಟರ್ ಕೊಟ್ಟಿದ್ದಾನೆ. ಅವನಿಗೆ ಅದು ಬಂದದ್ದು ಬಫ್ + 1 ಎಂದು ಬರೆದ ಇನ್ನೊಂದು ಫೈಲ್‌ನಿಂದ. ತಿದ್ದಬೇಕಾದ ಜಾಗ ಅದು. ವಾಯ್ಡ್ ಪಾಯಿಂಟರ್ ದಾಟಿ ಬಂದ ಮೇಲೆ ಕಂಪೈಲರ್ ಎಚ್ಚರಿಕೆಯೂ ಬಾಯಿ ಬಿಡುವುದಿಲ್ಲ, ಅದಕ್ಕೇ ಇದನ್ನು ಕೈಯಿಂದಲೇ ಹಿಂಬಾಲಿಸಬೇಕು.

ಎಂ4ನಲ್ಲಿ ಅಭಿವೃದ್ಧಿ ಮಾಡಿ ನಾಳೆ ಎಂ0+ಗೆ ಒಯ್ಯುವ ಯೋಚನೆ ಇದ್ದರೆ, ಎಂ4ಅನ್ನೇ ಕಟ್ಟುನಿಟ್ಟು ಮಾಡಬಹುದು. ಸಿಸಿಆರ್ ರಿಜಿಸ್ಟರ್, ಹೆಕ್ಸ್ ಇ000ಇಡಿ14, ಅದರ 3ನೇ ಬಿಟ್ ಆನ್ ಮಾಡಿ. ಆಗ ಒಂಟಿ ಎಲ್‌ಡಿಆರ್ ಕೂಡ ಅಲೈನ್ ಇಲ್ಲದಿದ್ದರೆ ಫಾಲ್ಟ್ ಆಗುತ್ತದೆ. ಒಂದು ಎಚ್ಚರ: ಸಿ ಲೈಬ್ರರಿಯ ಮೆಮ್‌ಕಾಪಿಯೇ ವೇಗಕ್ಕಾಗಿ ಅಲೈನ್ ಇಲ್ಲದ ಓದು ಬಳಸಿರಬಹುದು, ಆಗ ಅದೂ ಬೀಳುತ್ತದೆ. ಆ ಫಾಲ್ಟ್ ಕಂಡು ನಿಮ್ಮ ಕೋಡ್ ಮೇಲೆ ಅನುಮಾನ ಪಡಬೇಡಿ. ಪಿಸಿ ಲೈಬ್ರರಿಯೊಳಗೆ ಇದೆಯೇ ಎಂದು ಮೊದಲು ನೋಡಿ.

64 ಬಿಟ್ ಆರ್ಮ್ ಲಿನಕ್ಸ್: ಐಓರೀಮ್ಯಾಪ್ ಮಾಡಿದ ಜಾಗ

ಕರ್ನಲ್ ಊಪ್ಸ್‌ನ (ಕರ್ನಲ್ ಬಿದ್ದಾಗ ಬರೆಯುವ ವರದಿ) ಮೊದಲ ಸಾಲು ನೋಡಿದರೆ ಪೇಜಿಂಗ್ ತೊಂದರೆ ಎನಿಸುತ್ತದೆ: "ಅನೇಬಲ್ ಟು ಹ್ಯಾಂಡಲ್ ಕರ್ನಲ್ ಪೇಜಿಂಗ್ ರಿಕ್ವೆಸ್ಟ್". ಬಹಳ ಜನ ಇಲ್ಲೇ ದಾರಿ ತಪ್ಪಿ, ಮ್ಯಾಪಿಂಗ್ ತಪ್ಪಿದೆ, ಪಾಯಿಂಟರ್ ಹಾಳಾಗಿದೆ ಎಂದು ಹೊರಡುತ್ತಾರೆ. ಕೆಳಗೆ ಇಎಸ್‌ಆರ್ (ಫಾಲ್ಟ್‌ನ ಕಾರಣ ಹೇಳುವ ರಿಜಿಸ್ಟರ್) ಸಾಲು ಓದಿ. ಹೆಕ್ಸ್ 96000021 ಅಥವಾ 96000061 ಎಂದಿದ್ದರೆ ಅದು ಅಲೈನ್‌ಮೆಂಟ್ ಫಾಲ್ಟ್. ಕೊನೆಯ 6 ಬಿಟ್‌ಗಳ ಬೆಲೆ ಹೆಕ್ಸ್ 21 ಇರುವುದೇ ಗುರುತು. 61 ಎಂದರೆ ಬರೆಯುವಾಗ ಆದದ್ದು, 21 ಎಂದರೆ ಓದುವಾಗ. ಹೊಸ ಕರ್ನಲ್‌ಗಳು ಪಕ್ಕದಲ್ಲೇ "ಅಲೈನ್‌ಮೆಂಟ್ ಫಾಲ್ಟ್" ಎಂದು ಬಿಡಿಸಿಯೂ ಹೇಳುತ್ತವೆ.

ಪಿಸಿ ಬಹಳ ಸಲ ಮೆಮ್‌ಕಾಪಿ ಅಥವಾ ಮೆಮ್‌ಸೆಟ್ ಒಳಗೆ ಇರುತ್ತದೆ. ಐಓರೀಮ್ಯಾಪ್‌ನಿಂದ (ಡಿವೈಸ್‌ನ ಜಾಗವನ್ನು ಕರ್ನಲ್‌ಗೆ ಮ್ಯಾಪ್ ಮಾಡುವ ಫಂಕ್ಷನ್) ಬಂದ ಪಾಯಿಂಟರ್‌ಗೆ ಯಾರೋ ಸಾಮಾನ್ಯ ಮೆಮ್‌ಕಾಪಿ ಮಾಡಿದ್ದಾರೆ. ಎಕ್ಸ್86ನಲ್ಲಿ ನಡೆದಿತ್ತು. ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಆ ಜಾಗ ಡಿವೈಸ್ ಮೆಮೊರಿ ಎಂದು ಮ್ಯಾಪ್ ಆಗಿದೆ. ಅಲ್ಲಿ ಪ್ರತಿ ಓದು-ಬರಹವೂ ತನ್ನ ಅಳತೆಗೆ ಅಲೈನ್ ಆಗಿರಲೇಬೇಕು.

ಇಲ್ಲಿ ಒಂದು ವಿಚಿತ್ರ ಕಾಣುತ್ತದೆ. 16 ಬೈಟ್ ಕಾಪಿ ಮಾಡಿದರೆ ಸರಿ, 13 ಬೈಟ್ ಮಾಡಿದರೆ ಕ್ರ್ಯಾಶ್. ಶುರುವಿನ ಅಡ್ರೆಸ್ ಎರಡರಲ್ಲೂ ಚೆನ್ನಾಗಿ ಅಲೈನ್ ಆಗಿದೆ! ಕಾರಣ ಮೆಮ್‌ಕಾಪಿಯ ಒಳಗಿದೆ. ಈಗಿನ ಕರ್ನಲ್‌ನ ಆರ್ಮ್64 ಮೆಮ್‌ಕಾಪಿ 13 ಬೈಟ್‌ಗಳನ್ನು ಎರಡು 8 ಬೈಟ್ ಬರಹಗಳಲ್ಲಿ ಮುಗಿಸುತ್ತದೆ. ಮೊದಲನೆಯದು ಆಫ್‌ಸೆಟ್ 0ಯಿಂದ. ಎರಡನೆಯದು ಕೊನೆಯಿಂದ 8 ಬೈಟ್ ಹಿಂದೆ, ಅಂದರೆ ಆಫ್‌ಸೆಟ್ 5ರಿಂದ. ನಡುವಿನ 3 ಬೈಟ್ ಎರಡು ಸಲ ಬರೆಯಲ್ಪಡುತ್ತವೆ. ರ‍್ಯಾಮ್‌ಗೆ ಇದು ಜಾಣತನ, ಬೇಗ ಮುಗಿಯುತ್ತದೆ. ಡಿವೈಸ್‌ಗೆ ಆಫ್‌ಸೆಟ್ 5ರ 8 ಬೈಟ್ ಬರಹ ಎಂದರೆ ಫಾಲ್ಟ್. ಮೆಮ್‌ಸೆಟ್‌ಗೂ ತನ್ನದೇ ತೊಂದರೆ ಇದೆ. ದೊಡ್ಡ ಜಾಗವನ್ನು ಸೊನ್ನೆ ಮಾಡುವಾಗ ಅದು ಡಿಸಿ ಝಡ್‌ವಿಎ ಎಂಬ ಇನ್‌ಸ್ಟ್ರಕ್ಷನ್ ಬಳಸುತ್ತದೆ. ಡಿವೈಸ್ ಮೆಮೊರಿಯ ಮೇಲೆ ಅದು ಯಾವಾಗಲೂ ಅಲೈನ್‌ಮೆಂಟ್ ಫಾಲ್ಟ್ ಕೊಡುತ್ತದೆ, ಅಡ್ರೆಸ್ ಎಷ್ಟೇ ಸರಿ ಇರಲಿ.

ಪರಿಹಾರ: ಮೆಮ್‌ಕಾಪಿ_ಟುಐಓ, ಮೆಮ್‌ಕಾಪಿ_ಫ್ರಮ್‌ಐಓ, ಮೆಮ್‌ಸೆಟ್_ಐಓ. ಇವು ಅಂಚಿನ ಬೈಟ್‌ಗಳನ್ನು ಒಂದೊಂದಾಗಿ, ನಡುವಿನದನ್ನು ಅಲೈನ್ ಆದ ದೊಡ್ಡ ತುಂಡುಗಳಾಗಿ ಮಾಡುತ್ತವೆ. ಆದರೆ ನಿಮ್ಮ ಡಿವೈಸ್ 32 ಬಿಟ್ ಬರಹ ಮಾತ್ರ ಒಪ್ಪುವಂಥದ್ದಾಗಿದ್ದರೆ, ಉದಾಹರಣೆಗೆ ಎಫ್‌ಪಿಜಿಎಯೊಳಗೆ ಕೂತ ಸರಳ ಬಸ್ ಆಗಿದ್ದರೆ, ಇದೂ ಸಾಲದು. ಫಾಲ್ಟ್ ನಿಲ್ಲುತ್ತದೆ, ಡೇಟಾ ತಪ್ಪಾಗುತ್ತದೆ. ಆಗ ರೈಟ್‌ಎಲ್ ಲೂಪ್ ಅಥವಾ __ಐಓರೈಟ್32_ಕಾಪಿ ಬಳಸಿ, ಉದ್ದವನ್ನು 4ರ ಗುಣಕ ಮಾಡಿಕೊಳ್ಳಿ. ಇಂಥ ಜಾಗಗಳನ್ನು ಓಡಿಸದೆಯೇ ಹುಡುಕಲು ಸ್ಪಾರ್ಸ್ ಎಂಬ ಕೋಡ್ ಪರೀಕ್ಷಿಸುವ ಟೂಲ್ ಇದೆ. ಪಾಯಿಂಟರ್‌ಗೆ __ಐಓಮೆಮ್ ಗುರುತು ಹಾಕಿದ್ದರೆ, ಮೇಕ್‌ಗೆ ಸಿ=1 ಕೊಟ್ಟು ಬಿಲ್ಡ್ ಮಾಡಿದಾಗ ಪ್ರತಿ ತಪ್ಪು ಬಳಕೆಯನ್ನೂ ಅದು ತೋರಿಸುತ್ತದೆ. ಆ ಎಚ್ಚರಿಕೆ ಮುಚ್ಚಲೆಂದೇ ಹಾಕಿದ ಕಾಸ್ಟ್‌ಗಳು ಕೋಡ್‌ನಲ್ಲಿದ್ದರೆ ಮೊದಲು ಅಲ್ಲೇ ನೋಡಿ.

ಬೂಟ್‌ಲೋಡರ್‌ನಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಎಂಎಂಯು (ಅಡ್ರೆಸ್ ಮ್ಯಾಪ್ ಮಾಡುವ ಘಟಕ) ಆನ್ ಆಗುವ ಮುಂಚೆ ಆರ್ಮ್ ಚಿಪ್ ಇಡೀ ರ‍್ಯಾಮನ್ನೂ ಡಿವೈಸ್ ಮೆಮೊರಿಯಂತೆ ನೋಡುತ್ತದೆ. ಲಿನಕ್ಸ್‌ನಲ್ಲಿ ಓಡುವ ಅದೇ ಪಾರ್ಸರ್ ಅಲ್ಲಿ ಬೀಳುವುದಕ್ಕೆ ಇದೇ ಕಾರಣ. ಆ ಕೋಡ್‌ಗೆ 64 ಬಿಟ್‌ನಲ್ಲಿ ಎಂಸ್ಟ್ರಿಕ್ಟ್-ಅಲೈನ್, 32 ಬಿಟ್‌ನಲ್ಲಿ ಎಂನೋ-ಅನ್‌ಅಲೈನ್ಡ್-ಆ್ಯಕ್ಸೆಸ್ ಫ್ಲ್ಯಾಗ್ ಹಾಕಿಯೇ ಕಂಪೈಲ್ ಮಾಡಬೇಕು.

ಕ್ರ್ಯಾಶ್ ಇಲ್ಲದೆ ನಡೆಯುವ ಹಾನಿ

32 ಬಿಟ್ ಆರ್ಮ್ ಲಿನಕ್ಸ್‌ನಲ್ಲಿ ಕರ್ನಲ್ ತನ್ನೊಳಗಿನ ಅಲೈನ್‌ಮೆಂಟ್ ಫಾಲ್ಟ್‌ಗಳನ್ನು ತಾನೇ ಸರಿಮಾಡಿ ಮುಂದೆ ಹೋಗುತ್ತದೆ. ಕೆಲಸ ನಡೆಯುತ್ತದೆ, ಆದರೆ ಪ್ರತಿ ಸಲ ಒಂದು ಎಕ್ಸೆಪ್ಶನ್ ಖರ್ಚು. ಪ್ರಾಕ್ ಒಳಗಿನ ಸಿಪಿಯು/ಅಲೈನ್‌ಮೆಂಟ್ ಫೈಲ್ ಓದಿ. ಅದರಲ್ಲಿ "ಸಿಸ್ಟಮ್" ಎಂಬ ಸಾಲಿನ ಲೆಕ್ಕ ಏರುತ್ತಿದ್ದರೆ ಕರ್ನಲ್ ಕೋಡ್‌ನಲ್ಲಿ ತಪ್ಪಿದೆ. ಹೊಸ ಕರ್ನಲ್‌ಗಳು ಕೊನೆಯ ಫಾಲ್ಟ್ ಆದ ಫಂಕ್ಷನ್‌ನ ಹೆಸರನ್ನೂ ಅದೇ ಸಾಲಿನಲ್ಲಿ ಕೊಡುತ್ತವೆ. ಇದಕ್ಕಿಂತ ಸುಲಭದ ಸುಳಿವು ಬೇರೆ ಇಲ್ಲ.

ನೆಟ್‌ವರ್ಕ್ ಟ್ರಾಫಿಕ್ ಜೊತೆ ಲೆಕ್ಕ ಏರಿದರೆ ಕಾರಣ ಬಹುತೇಕ ಇದು: ಈಥರ್ನೆಟ್ ಹೆಡರ್ 14 ಬೈಟ್. ಬಫರ್ 4ಕ್ಕೆ ಅಲೈನ್ ಆಗಿದ್ದರೆ ಐಪಿ ಹೆಡರ್ 14ನೇ ಬೈಟ್‌ನಲ್ಲಿ, ಅಂದರೆ 2 ಬೈಟ್ ಜರುಗಿ ಕೂರುತ್ತದೆ. ಅದರೊಳಗಿನ ಐಪಿ ಅಡ್ರೆಸ್‌ಗಳೆಲ್ಲ ತಪ್ಪಿದ ಜಾಗಕ್ಕೆ ಬೀಳುತ್ತವೆ. ಅದಕ್ಕೇ ಬಫರ್‌ನ ಶುರುವಿನಲ್ಲಿ 2 ಬೈಟ್ ಬಿಡುವ ಪದ್ಧತಿ ಬಂದದ್ದು. ನೆಟ್‌ಡೆವ್_ಅಲಾಕ್_ಎಸ್‌ಕೆಬಿ_ಐಪಿ_ಅಲೈನ್ ಬಳಸಿದರೆ ಅದೇ ಮಾಡಿಕೊಡುತ್ತದೆ. ಡಿಎಂಎ ಎಂಜಿನ್ (ಸಿಪಿಯು ಕೈ ಹಾಕದೆ ರ‍್ಯಾಮ್‌ಗೆ ಡೇಟಾ ಸಾಗಿಸುವ ಭಾಗ) 4ರ ಅಡ್ರೆಸ್‌ಗೆ ಮಾತ್ರ ಬರೆಯುತ್ತೇನೆ ಎಂದರೆ ಡೇಟಾಶೀಟ್ ತೆಗೆಯಿರಿ. ಐ.ಎಂಎಕ್ಸ್ ಚಿಪ್‌ಗಳ ಎಫ್‌ಇಸಿಯಲ್ಲಿರುವಂತೆ, ಬಂದ ಫ್ರೇಮ್‌ನ ಮುಂದೆ ಹಾರ್ಡ್‌ವೇರೇ 2 ಬೈಟ್ ಸೇರಿಸುವ ಬಿಟ್ ಇರಬಹುದು.

ಇದಕ್ಕಿಂತ ಕೆಟ್ಟದ್ದು ಡಿಎಂಎ ಬಫರ್ ಮತ್ತು ಕ್ಯಾಶ್ ಲೈನ್‌ನ (ಕ್ಯಾಶ್ ಒಮ್ಮೆಗೆ ಎತ್ತುವ ಮೆಮೊರಿ ತುಂಡು) ಜಗಳ. ಇಲ್ಲಿ ಫಾಲ್ಟ್ ಇಲ್ಲ, ಲಾಗ್ ಇಲ್ಲ. ಆಗೊಮ್ಮೆ ಈಗೊಮ್ಮೆ ಕೆಲವು ಬೈಟ್ ಹಳೆಯದಾಗಿ ಕಾಣುತ್ತವೆ.

ಸ್ಟ್ರಕ್ಟ್ ಡೆವ್ {
  ಯು8 ಆರ್‌ಎಕ್ಸ್[32];
  ಇಂಟ್ ಸ್ಥಿತಿ;
};

ಕ್ಯಾಶ್ ಲೈನ್ 64 ಬೈಟ್ ಎಂದುಕೊಳ್ಳಿ. ಆರ್‌ಎಕ್ಸ್ ಮತ್ತು ಸ್ಥಿತಿ ಒಂದೇ ಲೈನ್‌ನಲ್ಲಿವೆ. ಡಿವೈಸ್ ರ‍್ಯಾಮ್‌ಗೆ ಆರ್‌ಎಕ್ಸ್ ತುಂಬುತ್ತಿರುವಾಗಲೇ ಸಿಪಿಯು ಸ್ಥಿತಿ ಬರೆಯುತ್ತದೆ. ಇಡೀ ಲೈನ್ ಕ್ಯಾಶ್‌ನಲ್ಲಿ ಡರ್ಟಿ (ರ‍್ಯಾಮ್‌ಗೆ ಇನ್ನೂ ಬರೆಯಬೇಕಾದದ್ದು) ಆಗುತ್ತದೆ, ಅದರೊಳಗೆ ಹಳೆಯ ಆರ್‌ಎಕ್ಸ್ ಇದೆ. ಆ ಲೈನ್ ರ‍್ಯಾಮ್‌ಗೆ ವಾಪಸ್ ಹೋದಾಗ ಹೊಸ ಡೇಟಾದ ಮೇಲೆ ಹಳೆಯದು ಕೂರುತ್ತದೆ. ತಿರುಗಾಮುರುಗಾ ಕೂಡ ಆಗಬಹುದು: ಕ್ಯಾಶ್ ಇನ್‌ವ್ಯಾಲಿಡೇಟ್ ಮಾಡಿದಾಗ ಸ್ಥಿತಿಯ ಹೊಸ ಬೆಲೆ ಮಾಯ. ಲಾಕ್ ಎಷ್ಟು ಹಾಕಿದರೂ ಇದು ನಿಲ್ಲುವುದಿಲ್ಲ, ಡಿವೈಸ್ ನಿಮ್ಮ ಲಾಕ್ ನೋಡುವುದಿಲ್ಲವಲ್ಲ.

ಪತ್ತೆಗೆ ಒರಟಾದರೂ ಒಳ್ಳೆಯ ಉಪಾಯ: ಕಾರ್ಟೆಕ್ಸ್-ಎಂ7ನಲ್ಲಿ ಡಿ-ಕ್ಯಾಶ್ ಆಫ್ ಮಾಡಿ ಓಡಿಸಿ. ತೊಂದರೆ ಮಾಯವಾದರೆ ದಾರಿ ಸರಿ ಇದೆ. ಕ್ಯಾಶ್ ಆಫ್ ಮಾಡಿಯೇ ಪ್ರಾಡಕ್ಟ್ ಕಳಿಸುವುದು ಮಾತ್ರ ಬೇಡ. ಎಂ7ನ ಕ್ಯಾಶ್ ಲೈನ್ 32 ಬೈಟ್. ಬಫರ್‌ನ ಶುರುವೂ 32ಕ್ಕೆ ಅಲೈನ್ ಆಗಿರಬೇಕು, ಉದ್ದವೂ 32ರ ಗುಣಕ ಆಗಿರಬೇಕು. ಎರಡನೆಯದನ್ನು ಮರೆಯುವವರೇ ಜಾಸ್ತಿ. ಲಿನಕ್ಸ್‌ನಲ್ಲಿ ಡಿಎಂಎ ಬಫರನ್ನು ಸ್ಟ್ರಕ್ಟ್‌ನ ಒಳಗೆ ಇಡದೆ ಬೇರೆಯಾಗಿ ಕೆಮಲ್ಲಾಕ್ ಮಾಡಿ. ಸ್ಟ್ಯಾಕ್ ಮೇಲಂತೂ ಇಡಲೇಬೇಡಿ. ಕರ್ನಲ್ ಕಾನ್ಫಿಗ್‌ನಲ್ಲಿ ಡಿಎಂಎ_ಎಪಿಐ_ಡಿಬಗ್ ಆನ್ ಮಾಡಿದರೆ ಇಂಥ ಕೆಲವು ತಪ್ಪುಗಳನ್ನು ಅದೇ ಕೂಗಿ ಹೇಳುತ್ತದೆ.

ಸರಿಪಡಿಸುವುದು

ಮತ್ತೆ ಆ 7 ಬೈಟ್ ಪ್ಯಾಕೆಟ್‌ಗೆ ಬರೋಣ. ಲಿನಕ್ಸ್ ಡ್ರೈವರ್ ಆದರೆ:

ಸಮಯ = ಗೆಟ್_ಅನ್‌ಅಲೈನ್ಡ್_ಎಲ್‌ಇ32(ಬಫ್ + 1);
ಅಳತೆ = ಗೆಟ್_ಅನ್‌ಅಲೈನ್ಡ್_ಎಲ್‌ಇ16(ಬಫ್ + 5);

ಅಲೈನ್‌ಮೆಂಟ್, ಎಂಡಿಯನ್ ಎರಡೂ ಒಟ್ಟಿಗೆ ಮುಗಿಯಿತು. ಈ ಫಂಕ್ಷನ್‌ಗಳ ಹೆಡರ್ ಫೈಲ್ ಲಿನಕ್ಸ್ 6.12ರಲ್ಲಿ ಎಎಸ್‌ಎಂ ಫೋಲ್ಡರ್‌ನಿಂದ ಲಿನಕ್ಸ್ ಫೋಲ್ಡರ್‌ಗೆ ಸರಿದಿದೆ. ಹಳೆಯ ಡ್ರೈವರ್ ಹೊಸ ಕರ್ನಲ್‌ನಲ್ಲಿ ಬಿಲ್ಡ್ ಆಗದಿದ್ದರೆ ಅದನ್ನು ನೋಡಿ.

ಕರ್ನಲ್ ಹೊರಗೆ ಮೆಮ್‌ಕಾಪಿ ಬಳಸಿ: ಮೆಮ್‌ಕಾಪಿ(&ಸಮಯ, ಬಫ್ + 1, 4). ನಿಧಾನ ಆಗುತ್ತದೆ ಎಂಬ ಭಯ ಬೇಡ. ಆಪ್ಟಿಮೈಸೇಶನ್ ಆನ್ ಇದ್ದರೆ ಎಂ4ನಲ್ಲಿ ಇದು ಒಂದೇ ಎಲ್‌ಡಿಆರ್ ಆಗುತ್ತದೆ. ಎಂ0+ನಲ್ಲಿ ಬೈಟ್ ಓದುಗಳಾಗುತ್ತದೆ. ಚಿಪ್‌ಗೆ ತಕ್ಕಂತೆ ಕಂಪೈಲರೇ ಆರಿಸಿಕೊಳ್ಳುತ್ತದೆ. ಒಂದು ಗುಂಡಿ ಇದೆ, ನೋಡಿ ನಡೆಯಿರಿ. ಮೆಮ್‌ಕಾಪಿಗೆ ಕೊಡುವ ಪಾಯಿಂಟರ್ ಅದಾಗಲೇ ಯು32 ಪಾಯಿಂಟರ್ ಆಗಿದ್ದರೆ ಉಪಯೋಗವಿಲ್ಲ. ಸುಳ್ಳು ಮಾತು ಆಗಲೇ ಕೊಟ್ಟಾಗಿದೆ. ಕ್ಲ್ಯಾಂಗ್ ಆ ಟೈಪ್ ನೋಡಿ ಅಲೈನ್ ಆಗಿದೆ ಎಂದೇ ಕೋಡ್ ಬರೆಯುತ್ತದೆ. ಮೂಲದಿಂದಲೂ ಬೈಟ್ ಪಾಯಿಂಟರ್ ಆಗಿಯೇ ಉಳಿಸಿ.

ಪ್ಯಾಕ್ಡ್ ಸ್ಟ್ರಕ್ಟ್, ಅಂದರೆ ಫೀಲ್ಡ್‌ಗಳ ನಡುವೆ ಖಾಲಿ ಬೈಟ್ (ಪ್ಯಾಡಿಂಗ್) ಬಿಡದ ಸ್ಟ್ರಕ್ಟ್, ಇನ್ನೊಂದು ದಾರಿ. ಪ್ಯಾಕೆಟ್ ಹೆಡರ್‌ಗೆ ಅದು ಸರಿ. ಪ್ಯಾಕ್ಡ್ ಫೀಲ್ಡನ್ನು ಹೆಸರಿನಿಂದ ನೇರ ಓದಿದರೆ ಕಂಪೈಲರ್ ಎಚ್ಚರ ವಹಿಸುತ್ತದೆ. ಅದರ ಅಡ್ರೆಸ್ ತೆಗೆದು, &ಪ್ಯಾಕೆಟ್->ಸಮಯ ಎಂದು ಇನ್ನೊಂದು ಫಂಕ್ಷನ್‌ಗೆ ಕೊಟ್ಟರೆ ಆ ಎಚ್ಚರ ಅಲ್ಲಿಗೆ ಮುಗಿಯಿತು. ಜಿಸಿಸಿ 9ರಿಂದ ಇದಕ್ಕೆ ತಾನಾಗಿಯೇ ಎಚ್ಚರಿಕೆ ಬರುತ್ತದೆ. ಅದನ್ನು ಆಫ್ ಮಾಡಿ ಇಟ್ಟಿರುವ ಬಿಲ್ಡ್ ಫೈಲ್‌ಗಳನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ.

ಪ್ಯಾಕ್ಡ್ ಖಂಡಿತ ಹಾಕಬಾರದ ಜಾಗ ಒಂದಿದೆ: ಹಾರ್ಡ್‌ವೇರ್ ರಿಜಿಸ್ಟರ್‌ಗಳ ಸ್ಟ್ರಕ್ಟ್. "ಲೇಔಟ್ ಬದಲಾಗದಿರಲಿ" ಎಂಬ ಒಳ್ಳೆಯ ಉದ್ದೇಶದಿಂದಲೇ ಹಾಕಿರುತ್ತಾರೆ. ಆದರೆ ಪ್ಯಾಕ್ಡ್ ಎಂದರೆ "ಇದರ ಅಲೈನ್‌ಮೆಂಟ್ 1 ಎಂದುಕೋ" ಎಂದರ್ಥ. ಎಂ0+ನಂಥ ಚಿಪ್‌ನಲ್ಲಿ ಕಂಪೈಲರ್ ಒಂದು 32 ಬಿಟ್ ರಿಜಿಸ್ಟರ್ ಓದನ್ನು ನಾಲ್ಕು ಬೈಟ್ ಓದುಗಳಾಗಿ ಒಡೆಯುತ್ತದೆ. ವೋಲಟೈಲ್ ಇದ್ದರೂ ಒಡೆಯುತ್ತದೆ. ಅದು ಓದಿದರೆ ಅಳಿಯುವ ಸ್ಟೇಟಸ್ ರಿಜಿಸ್ಟರ್ ಆಗಿದ್ದರೆ? ಮೊದಲ ಬೈಟ್ ಓದಿದಾಗಲೇ ಉಳಿದ ಬಿಟ್‌ಗಳು ಹೋಗಿರಬಹುದು. ಇಂಟರಪ್ಟ್ ಕಳೆದುಹೋಗುತ್ತಿದೆ ಎಂದು ಹುಡುಕುತ್ತೀರಿ, ಕಾರಣ ಸ್ಟ್ರಕ್ಟ್‌ನ ಕೊನೆಯ ಒಂದು ಪದದಲ್ಲಿ ಇರುತ್ತದೆ. ಪ್ಯಾಕ್ಡ್ ತೆಗೆಯಿರಿ. ಲೇಔಟ್ ಖಾತರಿಗೆ ಆಫ್‌ಸೆಟ್‌ಆಫ್ ಮತ್ತು ಸ್ಟ್ಯಾಟಿಕ್_ಅಸರ್ಟ್ ಹಾಕಿ:

ಸ್ಟ್ಯಾಟಿಕ್_ಅಸರ್ಟ್(ಆಫ್‌ಸೆಟ್‌ಆಫ್(ಸ್ಟ್ರಕ್ಟ್ ರೆಗ್ಸ್, ಸ್ಟೇಟಸ್) == 8, "ಲೇಔಟ್ ತಪ್ಪಿದೆ");

ಬಿಲ್ಡ್ ಆಗುವಾಗಲೇ ತಪ್ಪು ಸಿಗುತ್ತದೆ. ಈಗಿರುವ ಸ್ಟ್ರಕ್ಟ್‌ಗಳಲ್ಲಿ ಪ್ಯಾಡಿಂಗ್ ಎಲ್ಲೆಲ್ಲಿ ಕೂತಿದೆ ಎಂದು ನೋಡಲು ಪಾಹೋಲ್ ಟೂಲ್ ಬಹಳ ಚೆನ್ನಾಗಿದೆ. ಡಿಬಗ್ ಮಾಹಿತಿ ಇರುವ ಫೈಲ್ ಕೊಟ್ಟರೆ ಪ್ರತಿ ಫೀಲ್ಡ್‌ನ ಆಫ್‌ಸೆಟ್, ನಡುವಿನ ತೂತು, ಕ್ಯಾಶ್ ಲೈನ್ ಗಡಿ ಎಲ್ಲ ತೋರಿಸುತ್ತದೆ. ಯೂಸರ್‌ಸ್ಪೇಸ್‌ಗೆ ಕೊಡುವ ಐಓಕಂಟ್ರೋಲ್ ಸ್ಟ್ರಕ್ಟ್‌ಗಳಿಗೂ ಇದನ್ನು ಓಡಿಸಿ. 32 ಬಿಟ್ ಎಕ್ಸ್86ನಲ್ಲಿ ಸ್ಟ್ರಕ್ಟ್ ಒಳಗಿನ ಯು64 4ಕ್ಕೆ ಅಲೈನ್ ಆಗುತ್ತದೆ, 64 ಬಿಟ್‌ನಲ್ಲಿ 8ಕ್ಕೆ. ಒಂದೇ ಸ್ಟ್ರಕ್ಟ್‌ಗೆ ಎರಡು ಅಳತೆ ಬರುತ್ತದೆ. ಅಲ್ಲಿ ಪ್ಯಾಡಿಂಗ್ ಫೀಲ್ಡನ್ನು ನೀವೇ ಬರೆದು ಹಾಕಿ.

ಮತ್ತೆ ಬರದಂತೆ

ಬಿಲ್ಡ್‌ಗೆ ಡಬ್ಲ್ಯೂಕಾಸ್ಟ್-ಅಲೈನ್=ಸ್ಟ್ರಿಕ್ಟ್ ಸೇರಿಸಿ. ಜಿಸಿಸಿ 8ರಿಂದ ಇದೆ. ಸ್ಟ್ರಿಕ್ಟ್ ಇಲ್ಲದೆ ಬರೀ ಡಬ್ಲ್ಯೂಕಾಸ್ಟ್-ಅಲೈನ್ ಹಾಕಿದರೆ, ಅಲೈನ್ ಇಲ್ಲದ ಓದನ್ನು ಸಹಿಸುವ ಚಿಪ್‌ಗಳಿಗೆ ಜಿಸಿಸಿ ಸುಮ್ಮನಿರುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ ಬೋರ್ಡೇ ಬೇಡದ್ದು. ಪಾರ್ಸರ್ ಕೋಡನ್ನು ಹಾರ್ಡ್‌ವೇರ್ ಕೋಡ್‌ನಿಂದ ಬೇರೆ ಫೈಲ್‌ಗೆ ತನ್ನಿ. ಲ್ಯಾಪ್‌ಟಾಪ್‌ನಲ್ಲೇ ಎಫ್‌ಸ್ಯಾನಿಟೈಜ್=ಅಲೈನ್‌ಮೆಂಟ್ ಹಾಕಿ ಕಂಪೈಲ್ ಮಾಡಿ ಓಡಿಸಿ. ಎಕ್ಸ್86 ಚಿಪ್ ಸಹಿಸಿಕೊಂಡರೂ ಸ್ಯಾನಿಟೈಜರ್ ಬಿಡುವುದಿಲ್ಲ: "ಲೋಡ್ ಆಫ್ ಮಿಸ್‌ಅಲೈನ್ಡ್ ಅಡ್ರೆಸ್" ಎಂದು, ಫೈಲ್ ಹೆಸರು, ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ. ಆದರೆ ಅದು ಓಡುವಾಗಿನ ಅಡ್ರೆಸ್ ಮಾತ್ರ ನೋಡುತ್ತದೆ. ಆ ದಿನ ಬಫರ್ ಅದೃಷ್ಟಕ್ಕೆ ಸರಿಯಾದ ಜಾಗದಲ್ಲಿ ಕೂತಿದ್ದರೆ ತಪ್ಪು ಕಾಣುವುದಿಲ್ಲ. ಅದಕ್ಕೆ 8ಕ್ಕೆ ಅಲೈನ್ ಆದ ಒಂದು ದೊಡ್ಡ ಬಫರ್ ತೆಗೆದುಕೊಳ್ಳಿ. ಅದೇ ಪ್ಯಾಕೆಟನ್ನು ಆಫ್‌ಸೆಟ್ 0ಯಿಂದ 7ರವರೆಗೆ ಒಂದೊಂದೇ ಬೈಟ್ ಜರುಗಿಸಿ ಇಟ್ಟು, ಎಂಟು ಸಲವೂ ಪಾರ್ಸರ್ ಓಡಿಸಿ. ಎಂಟು ಸಲವೂ ಅದೇ ಸಮಯ, ಅದೇ ಅಳತೆ ಬಂದು, ಸ್ಯಾನಿಟೈಜರ್ ಒಂದು ಸಾಲೂ ಬರೆಯದಿದ್ದರೆ, ಆಗ ಆ ಫೈಲನ್ನು ಎಂ0+ ಬೋರ್ಡ್‌ಗೆ ಹಾಕಿ.